ತುಮಕೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ನಿತ್ಯ ಪ್ರಯಾಣ: ರೈಲೋ, ಬಸ್ಸೋ, ಮುಂದೆ ಬರಬಹುದಾದ ಮೆಟ್ರೊವೋ?

ಪ್ರಶ್ನೆ: ಕ್ಯಾತ್ಸಂದ್ರದವಳು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಕ್ಯಾತ್ಸಂದ್ರದಲ್ಲಿ ವಾಸವಾಗಿದ್ದೇನೆ. ಒಂಬತ್ತು ವರ್ಷ ಯಶವಂತಪುರದ ಬಳಿಯ ಕಚೇರಿಯೊಂದರಲ್ಲಿ ಕೆಲಸ ಮಾಡಿದ್ದೇನೆ. ಅಷ್ಟೂ ವರ್ಷ ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಮರಳುತ್ತಾ, ತಿಂಗಳ ಪಾಸಿನಲ್ಲೇ ಪ್ರಯಾಣದ ಖರ್ಚನ್ನೆಲ್ಲ ಹೊಂದಿಸಿಕೊಂಡು ಬಂದೆ. ಈಗ ಮುಂದಿನ ತಿಂಗಳಿನಿಂದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸ ಕೆಲಸಕ್ಕೆ ಸೇರಬೇಕಾಗಿದೆ. ವಾರದಲ್ಲಿ ಮೂರು ದಿನ ಕಚೇರಿಗೆ ಹೋಗಬೇಕು, ಹತ್ತು ಗಂಟೆಯೊಳಗೆ ಅಲ್ಲಿರಬೇಕು. ಅತ್ತೆಯವರಿಗೆ ವಯಸ್ಸಾಗಿದೆ, ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ಹೀಗಾಗಿ ಬೆಂಗಳೂರಿಗೆ ಮನೆ ಬದಲಾಯಿಸುವ ಮಾತು ಸದ್ಯಕ್ಕಿಲ್ಲ.

ಹಿಂದಾಗಿದ್ದರೆ ಈ ಕೆಲಸವನ್ನು ಒಪ್ಪಿಕೊಳ್ಳುವ ಯೋಚನೆಯನ್ನೇ ಮಾಡುತ್ತಿರಲಿಲ್ಲ. ಮೆಜೆಸ್ಟಿಕ್‌ನಿಂದ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿ ತಲುಪಲು ಬಸ್ಸಿನಲ್ಲಿ ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದನ್ನು ಯಾರೂ ಖಚಿತವಾಗಿ ಹೇಳಲಾಗದ ಸ್ಥಿತಿ ಇತ್ತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊದ ಹಳದಿ ಮಾರ್ಗ ತೆರೆದ ಮೇಲೆ, ನಕ್ಷೆಯ ಮೇಲಾದರೂ ದಾರಿ ನೇರವಾಗಿ ಕಾಣುತ್ತಿದೆ. ಯಶವಂತಪುರದವರೆಗೆ ರೈಲಿನಲ್ಲಿ ಬಂದು, ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಹೋಗಿ, ಅಲ್ಲಿ ಹಳದಿ ಮಾರ್ಗ ಹಿಡಿಯುವುದು ಒಂದು ದಾರಿ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮಾದಾವರಕ್ಕೆ ಬಂದು, ಅಲ್ಲಿಂದಲೇ ಹಸಿರು ಮಾರ್ಗ ಹತ್ತುವುದು ಇನ್ನೊಂದು. ಈ ಎರಡನ್ನೂ ದಿನನಿತ್ಯ ಬಳಸಿ ಬಲ್ಲವರು ಸಮಯ, ಖರ್ಚು, ನಿಲ್ಲುವ ಆಯಾಸ ಎಲ್ಲವನ್ನೂ ಲೆಕ್ಕ ಹಾಕಿ ಯಾವುದು ಮೇಲೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಇದರೊಂದಿಗೆ ಎರಡನೆಯ ಪ್ರಶ್ನೆಯೂ ಇದೆ. ಮಾದಾವರದಿಂದ ತುಮಕೂರಿನವರೆಗೆ ಮೆಟ್ರೊ ವಿಸ್ತರಿಸಬೇಕೆಂದು ನಮ್ಮ ಬಡಾವಣೆಯಲ್ಲಿ ಮನವಿ ಪತ್ರವೊಂದಕ್ಕೆ ಸಹಿ ಸಂಗ್ರಹಿಸುತ್ತಿದ್ದಾರೆ. ವಿಸ್ತರಣೆಯ ಸಾಧ್ಯತೆಯನ್ನು ಪರಿಶೀಲಿಸುವುದಾಗಿ 2024ರ ರಾಜ್ಯ ಬಜೆಟ್‌ನಲ್ಲಿಯೇ ಹೇಳಲಾಗಿತ್ತು. ರೈಲಿನಲ್ಲಿ ಇಷ್ಟು ವರ್ಷ ಓಡಾಡಿದ ನನಗೆ, ನಮಗೆ ಬೇಕಾಗಿರುವುದು ನಿಜಕ್ಕೂ ಮೆಟ್ರೊವೇ ಅಥವಾ ಈಗಿರುವ ಹಳಿಯ ಮೇಲೆ ಹೆಚ್ಚು ರೈಲುಗಳೇ ಎಂಬ ಅನುಮಾನವಿದೆ. ಸುಮ್ಮನೆ ಸಹಿ ಹಾಕಲು ಮನಸ್ಸಾಗುತ್ತಿಲ್ಲ, ಹಾಕದಿರಲು ಸರಿಯಾದ ಕಾರಣವೂ ನನ್ನ ಬಳಿ ಇಲ್ಲ. ಬಲ್ಲವರು ತಿಳಿಸಿಕೊಡಬೇಕೆಂದು ವಿನಂತಿ.


ಉತ್ತರ 1: ಜಯನಗರಕ್ಕೆ ಹೋಗಿಬರುವವನು

ಮೇಡಂ, ನಾನು ಏಳು ವರ್ಷದಿಂದ ತುಮಕೂರಿನಿಂದ ಜಯನಗರಕ್ಕೆ ಹೋಗಿಬರುತ್ತಿದ್ದೇನೆ. ನಿಮಗಿಂತ ಎರಡು ಹೆಜ್ಜೆ ಈಚೆಗೆ ಇಳಿದುಕೊಳ್ಳುವವನು, ಅಷ್ಟೇ. ಹಳದಿ ಮಾರ್ಗದಲ್ಲಿಯೂ ಹಲವು ಬಾರಿ ಹೋಗಿದ್ದೇನೆ. ಮೊದಲು ಸಮಯದ ಲೆಕ್ಕ ಹೇಳುತ್ತೇನೆ.

ಯಶವಂತಪುರದಿಂದ ಆರ್.ವಿ. ರಸ್ತೆಗೆ ಹದಿನಾಲ್ಕು ನಿಲ್ದಾಣಗಳ ದೂರವಿದ್ದು, ಅರ್ಧ ಗಂಟೆ ಎಂದು ಇಟ್ಟುಕೊಳ್ಳಬಹುದು. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ನಿಲ್ದಾಣ ಹನ್ನೊಂದನೆಯದು. ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿ.ಟಿ.ಎಂ. ಬಡಾವಣೆ, ಸಿಲ್ಕ್ ಬೋರ್ಡ್ ದಾಟಿ ಹೊಸೂರು ರಸ್ತೆಯ ಮೇಲೆಯೇ ಸಾಗಿ ಇಪ್ಪತ್ತೈದು ನಿಮಿಷದಲ್ಲಿ ತಲುಪಿಸುತ್ತದೆ. ನಿಮ್ಮ ಕಚೇರಿ ಇನ್ನೂ ಮುಂದಿದ್ದರೆ ಅದರ ನಂತರದ ಕೋನಪ್ಪನ ಅಗ್ರಹಾರ ನಿಲ್ದಾಣವೇ ಹತ್ತಿರವಾಗಬಹುದು, ಮೊದಲೇ ನೋಡಿಕೊಳ್ಳಿ. ಆರ್.ವಿ. ರಸ್ತೆಯಲ್ಲಿ ಹೊರಗೆ ಹೋಗುವ ಅಥವಾ ಹೊಸದಾಗಿ ಟಿಕೆಟ್ ತೆಗೆಯುವ ಅಗತ್ಯವಿಲ್ಲ, ಒಳಗಿನಿಂದಲೇ ಬದಲಾಯಿಸಬಹುದು. ಆದರೆ ಹಳದಿ ಮಾರ್ಗದಲ್ಲಿ ಗಾಡಿಗಳ ನಡುವಿನ ಅಂತರ ಹಸಿರು ಮಾರ್ಗಕ್ಕಿಂತ ಹೆಚ್ಚು. ಒಂದು ಗಾಡಿ ಕಣ್ಣೆದುರಿಗೇ ಹೊರಟುಹೋದರೆ ಕಾಯಬೇಕಾಗುತ್ತದೆ. ಬದಲಾವಣೆಗೆ ಹದಿನೈದು ನಿಮಿಷ ಮೀಸಲಿಡಿ. ತುಮಕೂರಿನಿಂದ ಯಶವಂತಪುರಕ್ಕೆ ಎಲ್ಲ ಕಡೆ ನಿಲ್ಲುವ ಗಾಡಿಯಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ, ಇಳಿದು ತುಮಕೂರು ರಸ್ತೆಯ ಬದಿಯ ದ್ವಾರದಿಂದ ಮೆಟ್ರೊ ಹತ್ತುವುದಕ್ಕೆ ಹತ್ತು ನಿಮಿಷ. ಒಟ್ಟು ಎರಡೂಮುಕ್ಕಾಲು ಗಂಟೆಯ ಹತ್ತಿರ ಬರುತ್ತದೆ. ಎಕ್ಸ್‌ಪ್ರೆಸ್ ಗಾಡಿ ಸಿಕ್ಕಿದರೆ ಇಪ್ಪತ್ತು ನಿಮಿಷ ಉಳಿಯಬಹುದು, ಆದರೆ ಅದು ಕ್ಯಾತ್ಸಂದ್ರದಲ್ಲಿ ನಿಲ್ಲುವುದಿಲ್ಲವಾದ್ದರಿಂದ ನೀವು ತುಮಕೂರು ನಿಲ್ದಾಣಕ್ಕೇ ಹೋಗಬೇಕು.

ಇನ್ನು ಬಸ್ಸಿನ ದಾರಿ. ಕ್ಯಾತ್ಸಂದ್ರ ಹೆದ್ದಾರಿಯ ಮೇಲೆಯೇ ಇರುವುದರಿಂದ ನಿಮಗೆ ಇದು ತುಮಕೂರು ಪೇಟೆಯವರಿಗಿಂತ ಅನುಕೂಲ. ಬೆಳಗಿನ ಆರೂವರೆಯೊಳಗೆ ಹೊರಟರೆ ಮಾದಾವರಕ್ಕೆ ಒಂದು ಗಂಟೆ ಸಾಕು. ಅಲ್ಲಿಂದ ಆರ್.ವಿ. ರಸ್ತೆಗೆ ಇಪ್ಪತ್ತಮೂರು ನಿಲ್ದಾಣ, ಸುಮಾರು ಐವತ್ತು ನಿಮಿಷ. ಒಟ್ಟು ಲೆಕ್ಕ ರೈಲಿನ ದಾರಿಗಿಂತ ಸ್ವಲ್ಪ ಕಡಿಮೆ ಬರುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ ಮಾದಾವರ ಹಸಿರು ಮಾರ್ಗದ ಮೊದಲ ನಿಲ್ದಾಣ. 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಅಲ್ಲಿಯವರೆಗೆ ಮಾರ್ಗ ವಿಸ್ತರಣೆಯಾದ ಮೇಲೆ ನಮ್ಮಂಥ ಅನೇಕರು ಅಲ್ಲಿಯೇ ಇಳಿಯಲು ಕಲಿತರು, ಏಕೆಂದರೆ ಅಲ್ಲಿ ಕುಳಿತುಕೊಳ್ಳಲು ಜಾಗ ಸಿಗುತ್ತದೆ. ಯಶವಂತಪುರದಲ್ಲಿ ಹತ್ತಿದರೆ ಬೆಳಗಿನ ಹೊತ್ತು ಮೆಜೆಸ್ಟಿಕ್‌ವರೆಗೂ ನಿಂತೇ ಹೋಗಬೇಕು. ಬಸ್ಸು ಹತ್ತುವಾಗಲೇ ಮಾದಾವರದಲ್ಲಿ ನಿಲ್ಲಿಸುವಿರಾ ಎಂದು ಕಂಡಕ್ಟರನ್ನು ಕೇಳಿಕೊಳ್ಳಿ, ಎಲ್ಲ ಬಸ್ಸುಗಳೂ ಅಲ್ಲಿ ನಿಲ್ಲುವುದಿಲ್ಲ.

ಖರ್ಚಿನ ವಿಷಯದಲ್ಲಿ ನಿಮಗೂ ನನಗೂ ವ್ಯತ್ಯಾಸವಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ನಿಮಗೆ ಟಿಕೆಟ್ ದರವಿಲ್ಲ. ರೈಲಿನ ತಿಂಗಳ ಪಾಸು ಅಗ್ಗವೇ ಆದರೂ ವಾರಕ್ಕೆ ಮೂರೇ ದಿನ ಪ್ರಯಾಣವಿರುವಾಗ ಅದು ನಿಮಗೆ ಲಾಭವೋ ಎಂದು ಕೂಡಿಸಿ ನೋಡಬೇಕು. ಆ ಪಾಸು ಕಾಯ್ದಿರಿಸದ ಬೋಗಿಗಳಿಗೆ ಮಾತ್ರ ಸಲ್ಲುತ್ತದೆ, ಸೂಪರ್‌ಫಾಸ್ಟ್ ಗಾಡಿಗೆ ಹೆಚ್ಚುವರಿ ಶುಲ್ಕ ಕಟ್ಟಿರಬೇಕು ಎಂಬುದು ನಿಮಗೆ ಗೊತ್ತೇ ಇರುತ್ತದೆ. ನಿಜವಾದ ಹೊರೆ ಮೆಟ್ರೊ ದರದ್ದು. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ನಿಮ್ಮ ದೂರಕ್ಕೆ ಆ ಗರಿಷ್ಠದ ಆಸುಪಾಸಿನಲ್ಲೇ ತೆರಬೇಕಾಗುತ್ತದೆ. ಸ್ಮಾರ್ಟ್ ಕಾರ್ಡ್ ಬಳಸಿದರೆ ಶೇಕಡಾ 5ರ ರಿಯಾಯಿತಿ ಇದೆ, ಅದನ್ನು ಬಿಡಬೇಡಿ. ರೈಲಿಗೆ ಇರುವಂಥ ತಿಂಗಳ ಪಾಸು ಮೆಟ್ರೊದಲ್ಲಿಯೂ ಇದ್ದಿದ್ದರೆ ನಮ್ಮಂಥವರಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು ಎಂಬುದು ನನ್ನ ಬಹುದಿನದ ಅಭಿಪ್ರಾಯ.

ಸಂಜೆಗೆ ಬೇರೆಯದೇ ಯೋಚನೆ ಬೇಕು. ಮಾದಾವರಕ್ಕೆ ಬರುವ ಹೊತ್ತಿಗೆ ತುಮಕೂರಿನ ಬಸ್ಸುಗಳು ಮೆಜೆಸ್ಟಿಕ್‌ನಿಂದಲೇ ತುಂಬಿ ಬಂದಿರುತ್ತವೆ, ಯಶವಂತಪುರದಲ್ಲಿ ರೈಲೂ ಹಾಗೆಯೇ. ಆದ್ದರಿಂದ ಸಂಜೆ ಮೆಜೆಸ್ಟಿಕ್‌ನಲ್ಲಿಯೇ ಇಳಿದುಬಿಡಿ. ಬಸ್ ನಿಲ್ದಾಣವೂ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣವೂ ಅಲ್ಲಿಗೆ ನಡೆಯುವ ದೂರದಲ್ಲಿವೆ. ಯಾವುದು ಮೊದಲು ಹೊರಡುತ್ತದೋ ಅದರಲ್ಲಿ ಕುಳಿತು ಬರಬಹುದು.

ಆದರೂ ಒಂದು ಮಾತನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹೋಗಿಬರುವುದಕ್ಕೆ ದಿನಕ್ಕೆ ಐದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಮೂರು ದಿನವಾದ್ದರಿಂದ ಸಾಧ್ಯ, ಆದರೆ ಮೂರು ದಿನಗಳನ್ನು ಬೆನ್ನುಬೆನ್ನಿಗೆ ಇಟ್ಟುಕೊಳ್ಳಬೇಡಿ. ನಡುವೆ ಒಂದು ದಿನ ಮನೆಯಿಂದ ಕೆಲಸ ಮಾಡುವಂತೆ ಕೇಳಿಕೊಳ್ಳಿ.


ಉತ್ತರ 2: ನಿವೃತ್ತ ರೈಲ್ವೆ ನೌಕರ

ಅಮ್ಮ, ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸಬೇಕೆನಿಸಿತು. ಸಿಗ್ನಲ್ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿ ನಿವೃತ್ತನಾದವನು ನಾನು. ಬೆಂಗಳೂರು–ತುಮಕೂರು ಹಳಿ 1884ರಲ್ಲಿ ಮೀಟರ್ ಗೇಜಾಗಿ ತೆರೆದದ್ದು. ಈಗ ಅದು ಬ್ರಾಡ್ ಗೇಜ್ ಆಗಿ, ಜೋಡಿ ಹಳಿಯಾಗಿ, ವಿದ್ಯುದೀಕರಣವೂ ಆಗಿ ಮುಗಿದಿದೆ. ಒಂದು ನಗರಕ್ಕೆ ಎಪ್ಪತ್ತು ಕಿಲೋಮೀಟರ್ ದೂರದ ಊರಿನಿಂದ ಜನರನ್ನು ತರಲು ಏನೇನು ಬೇಕೋ ಅದರ ಬಹುಪಾಲು ಈಗಾಗಲೇ ನೆಲದ ಮೇಲಿದೆ. ನಾನು ಹೇಳುವುದನ್ನೆಲ್ಲ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು.

ಮೆಟ್ರೊ ಎಂಬುದು ಊರೊಳಗಿನ ವಾಹನ. ಸುಮಾರು ಒಂದು ಕಿಲೋಮೀಟರಿಗೊಂದು ನಿಲ್ದಾಣ, ನಿಂತಲ್ಲೆಲ್ಲ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನೂರಾರು ಜನ ಇಳಿದು ಹತ್ತುವಂತೆ ಅಗಲವಾದ ಬಾಗಿಲುಗಳು, ಕಡಿಮೆ ಆಸನ, ಹೆಚ್ಚು ನಿಲ್ಲುವ ಜಾಗ, ಶೌಚಾಲಯವಿಲ್ಲ. ಬೇಗನೆ ವೇಗ ಹಿಡಿದು ಬೇಗನೆ ನಿಲ್ಲುವುದು ಅದರ ಗುಣವೇ ಹೊರತು ದೂರ ಓಡುವುದಲ್ಲ. ಗಂಟೆಗೆ 80 ಕಿಲೋಮೀಟರ್ ವೇಗ ಮುಟ್ಟುವ ಗಾಡಿಯಾದರೂ ನಿಲುಗಡೆಗಳನ್ನು ಸೇರಿಸಿದರೆ ಸರಾಸರಿ ವೇಗ 35 ಕಿಲೋಮೀಟರಿಗೆ ಮುಟ್ಟುವುದೇ ಕಷ್ಟ. ಮಾದಾವರದಿಂದ ತುಮಕೂರಿಗೆ 50 ಕಿಲೋಮೀಟರಿಗೂ ಹೆಚ್ಚಿದೆ. ಹೆದ್ದಾರಿಯಲ್ಲಿ ನಿಲ್ದಾಣಗಳು ವಿರಳವಾಗಿದ್ದು ಸರಾಸರಿ 40 ಕಿಲೋಮೀಟರ್ ವೇಗ ಬಂದಿತೆಂದೇ ಇಟ್ಟುಕೊಳ್ಳೋಣ. ಆಗಲೂ ಮಾದಾವರ ಮುಟ್ಟಲು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲ, ಅಲ್ಲಿಂದ ಯಶವಂತಪುರಕ್ಕೆ ಇನ್ನು ಇಪ್ಪತ್ತು ನಿಮಿಷ. ಈಗಿನ ಸಾಧಾರಣ ಗಾಡಿ ನಿಮ್ಮನ್ನು ಅದಕ್ಕಿಂತ ಬೇಗ ಯಶವಂತಪುರಕ್ಕೆ ತಂದು ಬಿಡುತ್ತಿದೆ, ಅದೂ ಕುಳಿತುಕೊಂಡು ಬರುವಂತೆ.

ತುಮಕೂರಿನ ರೈಲೇ ನೇರವಾಗಿ ಮೆಟ್ರೊ ಹಳಿಗೆ ಹತ್ತಿ ಆರ್.ವಿ. ರಸ್ತೆಗೆ ಹೋಗಬಾರದೇಕೆ ಎಂದು ಕೆಲವರು ಕೇಳುವುದುಂಟು. ನಮ್ಮ ರೈಲು ಹಳಿಯ ಅಗಲ 1676 ಮಿಲಿಮೀಟರ್, ಬೆಂಗಳೂರಿನ ಮೆಟ್ರೊ ಹಳಿಯದು 1435. ರೈಲಿಗೆ ಮೇಲಿನ ತಂತಿಯಿಂದ 25,000 ವೋಲ್ಟ್ ವಿದ್ಯುತ್ತು ಬರುತ್ತದೆ, ಇಲ್ಲಿನ ಮೆಟ್ರೊಗೆ ಹಳಿಯ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟ್. ಯಾರಾದರೂ ಹಳಿಗೆ ಇಳಿದರೆ ಆ ಭಾಗದ ಮೆಟ್ರೊ ಸಂಚಾರವನ್ನೇ ನಿಲ್ಲಿಸಬೇಕಾಗುವುದು ಈ ಮೂರನೆಯ ಹಳಿಯ ಕಾರಣದಿಂದಲೇ. ಎರಡೂ ಬೇರೆ ಬೇರೆ ಜಾತಿಯ ವ್ಯವಸ್ಥೆಗಳಾದ್ದರಿಂದ ಒಂದರ ಗಾಡಿ ಇನ್ನೊಂದರ ಮೇಲೆ ಓಡುವುದಿಲ್ಲ. ಆದಕಾರಣ ಅವೆರಡೂ ಸೇರುವ ಜಾಗವನ್ನು ಚೆನ್ನಾಗಿ ಕಟ್ಟುವುದರಲ್ಲಿಯೇ ಎಲ್ಲ ಅಡಗಿದೆ. ವೈಟ್‌ಫೀಲ್ಡ್‌ನಲ್ಲಿ ಮೆಟ್ರೊ ನಿಲ್ದಾಣ ರೈಲು ನಿಲ್ದಾಣದ ಪಕ್ಕದಲ್ಲಿಯೇ ಬಂದಿದೆ. ಬೈಯಪ್ಪನಹಳ್ಳಿಯಲ್ಲಿ ಹಾಗಾಗಲಿಲ್ಲ. 2022ರ ಜೂನ್‌ನಲ್ಲಿ ಸಂಚಾರ ಆರಂಭಿಸಿದ ವಿಶ್ವೇಶ್ವರಯ್ಯ ಟರ್ಮಿನಲ್ ಅಷ್ಟು ಸುಂದರವಾಗಿದ್ದರೂ, ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣಕ್ಕೆ ಅಲ್ಲಿಂದ ನಡೆದುಹೋಗುವಂತಿಲ್ಲ. ಗಂಟುಮೂಟೆ ಹಿಡಿದ ವಯಸ್ಸಾದವರು ಅಲ್ಲಿ ಆಟೋ ಹುಡುಕುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಹಣದ ಮಾತಿಗೆ ಬರೋಣ. 2017ರಲ್ಲಿ ಪೂರ್ಣಗೊಂಡ ನಮ್ಮ ಮೆಟ್ರೊದ ಮೊದಲ ಹಂತದ 42.3 ಕಿಲೋಮೀಟರಿಗೆ ಸುಮಾರು 14,000 ಕೋಟಿ ರೂಪಾಯಿ ಖರ್ಚಾಯಿತು. 2020ರಲ್ಲಿ ಕೇಂದ್ರದ ಒಪ್ಪಿಗೆ ಪಡೆದ ಬೆಂಗಳೂರು ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳ ಉದ್ದ 148 ಕಿಲೋಮೀಟರ್, ಅಂದಾಜು ವೆಚ್ಚ 15,767 ಕೋಟಿ. ಮೆಟ್ರೊದಲ್ಲಿ ಸುರಂಗವಿತ್ತು, ಉಪನಗರ ರೈಲಿಗೆ ರೈಲ್ವೆಯ ಜಾಗ ಸಿಗುತ್ತದೆ, ಕಾಲವೂ ಬೇರೆ. ಹೀಗಾಗಿ ಇದನ್ನು ನೇರ ಹೋಲಿಕೆ ಎನ್ನಲಾರೆ. ಆದರೂ ಹತ್ತಿರ ಹತ್ತಿರ ಅಷ್ಟೇ ಮೊತ್ತದಲ್ಲಿ ಮೂರು ಪಟ್ಟಿಗಿಂತ ಹೆಚ್ಚು ಉದ್ದ ಕಾಣುವಾಗ ದೂರದೂರುಗಳ ವಿಷಯದಲ್ಲಿ ಮೊದಲು ಯಾವುದನ್ನು ಕೇಳಬೇಕು ಎಂಬುದು ಸ್ಪಷ್ಟವಾಗುತ್ತದೆ. ದುಃಖದ ಸಂಗತಿಯೆಂದರೆ, 2022ರ ಜೂನ್ 20ರಂದು ಶಂಕುಸ್ಥಾಪನೆ ಆದಾಗ 40 ತಿಂಗಳ ಮಾತು ಕೇಳಿಬಂದಿತ್ತು. ಆ ಗಡುವು ದಾಟಿದರೂ ಒಂದು ಮಾರ್ಗದಲ್ಲಿಯೂ ಗಾಡಿ ಓಡಿಲ್ಲ. ಮೇಲಾಗಿ ಅದರ ಮಲ್ಲಿಗೆ ಮಾರ್ಗ ಬೈಯಪ್ಪನಹಳ್ಳಿಯಿಂದ ಯಶವಂತಪುರದ ಮೂಲಕ ಚಿಕ್ಕಬಾಣಾವರದವರೆಗೆ ಮಾತ್ರ ಬರುತ್ತದೆ, ತುಮಕೂರಿನವರೆಗೆ ಅಲ್ಲ.

ಹಳಿ ಇದ್ದ ಮಾತ್ರಕ್ಕೆ ಸೇವೆ ಬರುವುದಿಲ್ಲ, ಗಾಡಿ ಬೇಕು. ಹಳದಿ ಮಾರ್ಗವೇ ಇದಕ್ಕೆ ಒಳ್ಳೆಯ ಪಾಠ. 19 ಕಿಲೋಮೀಟರಿನ ಆ ಮಾರ್ಗದಲ್ಲಿ ಒಂದು ಗಾಡಿ ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿ ಮತ್ತೆ ಹೊರಡಲು ಸಿದ್ಧವಾಗುವುದಕ್ಕೆ ಸುಮಾರು 75 ನಿಮಿಷ ಬೇಕು. ಆರಂಭದಲ್ಲಿ ಇದ್ದದ್ದು ಮೂರೇ ಗಾಡಿ. 75ನ್ನು ಮೂರರಿಂದ ಭಾಗಿಸಿದರೆ 25. ಆದ್ದರಿಂದಲೇ ಮೊದಮೊದಲು 25 ನಿಮಿಷಕ್ಕೊಂದು ಗಾಡಿ ಓಡಿತು. ಗಾಡಿಗಳ ಗುತ್ತಿಗೆ 2019ರಲ್ಲಿ ಚೀನಾದ ಕಂಪನಿಗೆ ಹೋಗಿ, ಮೊದಲ ಗಾಡಿ ಅಲ್ಲಿಂದ ಬಂದದ್ದು 2024ರ ಫೆಬ್ರುವರಿಯಲ್ಲಿ. ಉಳಿದವು ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಾಗಿ ಒಂದೊಂದಾಗಿ ಬರಬೇಕಾಯಿತು. ಕಂಬ, ಸೇತುವೆ, ನಿಲ್ದಾಣ ಎಲ್ಲವೂ ಸಿದ್ಧವಾಗಿ ಜನ ಕೆಳಗಿನ ರಸ್ತೆಯಲ್ಲಿ ಕಾಯುತ್ತಿದ್ದರು.

ಇದೇ ಲೆಕ್ಕವನ್ನು ತುಮಕೂರಿಗೆ ಹಾಕಿ ನೋಡಿ. ಯಶವಂತಪುರಕ್ಕೆ ಹೋಗಲು 80 ನಿಮಿಷ, ಬರಲು 80, ಎರಡು ಕಡೆ ತಿರುಗಲು ಹತ್ತತ್ತು. ಒಟ್ಟು ಮೂರು ಗಂಟೆ. ಅರ್ಧ ಗಂಟೆಗೊಂದು ಮೆಮು, ಅಂದರೆ ಹತ್ತಿರದೂರುಗಳ ನಡುವೆ ಓಡುವ ವಿದ್ಯುತ್ ರೈಲು, ಬೇಕಾದರೆ ಆರು ರೇಕುಗಳು (ಬೋಗಿ ಜೋಡಿಸಿದ ಪೂರ್ತಿ ಗಾಡಿಗಳು) ಸಾಕು, ಕೆಟ್ಟರೆ ಇರಲೆಂದು ಇನ್ನೊಂದು. ಅದಕ್ಕೆ ಅಡ್ಡಿಯಾಗಿರುವುದು ಹಳಿಯ ಮೇಲಿನ ದಟ್ಟಣೆ. ಹುಬ್ಬಳ್ಳಿ, ಶಿವಮೊಗ್ಗ ಕಡೆಯ ಎಕ್ಸ್‌ಪ್ರೆಸ್‌ಗಳೂ ಸರಕು ಗಾಡಿಗಳೂ ಇದೇ ಜೋಡಿ ಹಳಿಯಲ್ಲಿ ಓಡುತ್ತವೆ. ಅವಕ್ಕೆ ದಾರಿ ಬಿಡಲು ಸಾಧಾರಣ ಗಾಡಿಯನ್ನು ದೊಡ್ಡಬೆಲೆಯಲ್ಲೋ ನಿಡವಂದದಲ್ಲೋ ಬದಿಗೆ ನಿಲ್ಲಿಸುವ ಲೂಪ್ ಲೈನಿಗೆ ಹಾಕುವುದನ್ನು ನೀವು ಒಂಬತ್ತು ವರ್ಷ ಕಂಡಿರುತ್ತೀರಿ. ಮುಂದಿನ ಗಾಡಿ ಮುಂದಿನ ನಿಲ್ದಾಣ ಮುಟ್ಟುವವರೆಗೆ ಹಿಂದಿನದನ್ನು ತಡೆದು ನಿಲ್ಲಿಸುವ ಪದ್ಧತಿಗೆ ಬದಲಾಗಿ, ನಡುವೆ ಕಿಲೋಮೀಟರಿಗೊಂದರಂತೆ ತಾನೇ ಬದಲಾಗುವ ಸಿಗ್ನಲ್‌ಗಳಿದ್ದರೆ ಅದೇ ಹಳಿಯಲ್ಲಿ ಹೆಚ್ಚು ಗಾಡಿಗಳನ್ನು ಒಂದರ ಹಿಂದೆ ಒಂದು ಬಿಡಬಹುದು. ಅದಕ್ಕೂ ಮುಂದೆ, ಗಾಡಿಗಳು ಓಡಲು ಮೂರನೆಯ ಮತ್ತು ನಾಲ್ಕನೆಯ ಹಳಿ. ಮನವಿಯಲ್ಲಿ ಬರೆಯುವುದಾದರೆ ಇದನ್ನು ಬರೆಯಿರಿ.


ಉತ್ತರ 3: ನೆಲಮಂಗಲದವನು

ಹಿರಿಯರ ಲೆಕ್ಕಕ್ಕೆ ನನ್ನ ತಕರಾರಿಲ್ಲ, ಆದರೆ ಅದರಲ್ಲಿ ನಮ್ಮ ಊರು ಬಿಟ್ಟುಹೋಗಿದೆ. ತುಮಕೂರಿನ ರೈಲು ಚಿಕ್ಕಬಾಣಾವರ ದಾಟಿದ ಮೇಲೆ ಸೋಲದೇವನಹಳ್ಳಿ, ಗೊಲ್ಲಹಳ್ಳಿ, ದೊಡ್ಡಬೆಲೆ ಎಂದು ಹೆದ್ದಾರಿಯಿಂದ ದೂರ ಸರಿದು ಸಾಗುತ್ತದೆ. ನೆಲಮಂಗಲದ ರೈಲು ನಿಲ್ದಾಣ ಆ ಹಳಿಯ ಮೇಲೆ ಇಲ್ಲವೇ ಇಲ್ಲ, ಅದು 2017ರಲ್ಲಿ ಪೂರ್ಣವಾಗಿ ತೆರೆದ ಹಾಸನದ ಹಳಿಯ ಮೇಲಿದೆ. ಆ ಹಳಿಯಲ್ಲಿ ನಮಗೆ ಬೇಕಾದ ಹೊತ್ತಿಗೆ ಗಾಡಿಗಳು ಬೆರಳೆಣಿಕೆಯಷ್ಟು ಮಾತ್ರ. ತುಮಕೂರು ಹಳಿಯ ಮೇಲೆ ಹತ್ತು ನಿಮಿಷಕ್ಕೊಂದು ಮೆಮು ಓಡಿಸಿದರೂ ನೆಲಮಂಗಲದವನಿಗೆ ಅದರಿಂದ ಪ್ರಯೋಜನವಿಲ್ಲ. ನಮಗಿರುವುದು ಹೆದ್ದಾರಿ ಒಂದೇ. ಗೊರಗುಂಟೆಪಾಳ್ಯದವರೆಗೆ ಅದರಲ್ಲಿ ಬೆಳಗಿನ ಹೊತ್ತು ಸಾಗುವುದು ಹೇಗಿರುತ್ತದೆ ಎಂಬುದನ್ನು ಇಲ್ಲಿಯ ಎಲ್ಲರೂ ಬಲ್ಲರು.

ಮಾದಾವರದಿಂದ ನೆಲಮಂಗಲಕ್ಕೆ ಹತ್ತು ಕಿಲೋಮೀಟರಿನ ಒಳಗಿನ ಮಾತು. ಆ ಭಾಗದಲ್ಲಿ ಹೆದ್ದಾರಿಯ ಎರಡೂ ಬದಿಗೆ ಗೋದಾಮು, ಕಾರ್ಖಾನೆ, ಬಡಾವಣೆಗಳು ಒತ್ತಾಗಿ ಬೆಳೆದಿವೆ. ಅಲ್ಲಿ ಮೆಟ್ರೊ ಬಂದರೆ ಊರೊಳಗಿನ ವಾಹನವಾಗಿಯೇ ಬರುತ್ತದೆ. ತುಮಕೂರಿನವರಿಗೆ ಅಗತ್ಯವಿಲ್ಲವೆಂದು ಇಡೀ ವಿಸ್ತರಣೆಯನ್ನೇ ಬೇಡವೆಂದು ಬರೆದುಬಿಟ್ಟರೆ ನಮಗೆ ಅನ್ಯಾಯವಾಗುತ್ತದೆ. ದಯವಿಟ್ಟು ಮನವಿಯಲ್ಲಿ ಆ ಎಚ್ಚರ ಇರಲಿ.


ಉತ್ತರ 4: ನಿವೃತ್ತ ರೈಲ್ವೆ ನೌಕರ

ನೆಲಮಂಗಲದ ಸೋದರರ ಮಾತು ಪೂರ್ತಿ ನ್ಯಾಯವಾದದ್ದು, ನಾನು ಬರೆಯುವಾಗ ತುಮಕೂರಿನಿಂದ ಹೊರಡುವವರನ್ನು ಮಾತ್ರ ಕಣ್ಣೆದುರಿಗೆ ಇಟ್ಟುಕೊಂಡಿದ್ದೆ. ನೆಲಮಂಗಲದವರೆಗೆ ಮೆಟ್ರೊ ಬರುವುದನ್ನು ನಾನು ಒಪ್ಪುತ್ತೇನೆ. ಅಲ್ಲಿಂದ ಮುಂದೆ ದಾಬಸ್‌ಪೇಟೆ, ಹಿರೇಹಳ್ಳಿ, ಕ್ಯಾತ್ಸಂದ್ರ ಈ ಮೂರರಲ್ಲಿಯೂ ರೈಲು ನಿಲ್ದಾಣ ಇರುವುದರಿಂದ ಅದೇ ದಿಕ್ಕಿಗೆ ಇನ್ನೊಂದು ವ್ಯವಸ್ಥೆ ಕಟ್ಟುವ ಮೊದಲು ಇರುವುದನ್ನು ಬಲಪಡಿಸಬೇಕು ಎನ್ನುವುದಷ್ಟೇ ನನ್ನ ವಾದ.


ಉತ್ತರ 5: ಡೊಂಬಿವಲಿಯ ಕನ್ನಡಿಗ

ನಾನು ಮೂಲತಃ ಗುಬ್ಬಿಯವನು, ಇಪ್ಪತ್ತೆರಡು ವರ್ಷದಿಂದ ಡೊಂಬಿವಲಿಯಲ್ಲಿದ್ದು ದಿನವೂ ಮುಂಬೈಗೆ ಲೋಕಲ್‌ನಲ್ಲಿ ಹೋಗಿಬರುತ್ತೇನೆ. ಇಲ್ಲಿ ಕರ್ಜತ್ ಮುಂಬೈನಿಂದ 100 ಕಿಲೋಮೀಟರ್ ದೂರದಲ್ಲಿದೆ, ಕಸಾರಾ ಅದಕ್ಕಿಂತಲೂ ಆಚೆ. ಅಲ್ಲಿಂದ ಜನ ಮುಂಬೈಗೆ ಬಂದು ಸಂಜೆ ಮನೆಗೆ ಮರಳುತ್ತಾರೆ. ಅದು ಮೆಟ್ರೊದಿಂದ ಸಾಧ್ಯವಾದದ್ದಲ್ಲ, ಸಾಧಾರಣ ವಿದ್ಯುತ್ ರೈಲುಗಳಿಂದ. ಕಲ್ಯಾಣದವರೆಗೆ ನಿಧಾನದ ಲೋಕಲ್‌ಗೆ ಒಂದು ಜೋಡಿ ಹಳಿ, ವೇಗದ ಲೋಕಲ್‌ಗೆ ಇನ್ನೊಂದು ಜೋಡಿ. ಠಾಣೆ ಮತ್ತು ದಿವಾ ನಡುವೆ ದೂರದ ಗಾಡಿಗಳಿಗೆಂದು ಐದನೆಯ ಹಾಗೂ ಆರನೆಯ ಹಳಿಗಳೂ 2022ರಲ್ಲಿ ತೆರೆದವು. ಹೀಗೆ ಹಳಿ ಬೇರ್ಪಡಿಸಿದ ಮೇಲೆಯೂ ನೂಕುನುಗ್ಗಲು ಭಯಂಕರವಾಗಿಯೇ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಗಾಡಿ ತಪ್ಪಿತೆಂದು ಯಾರೂ ಗಡಿಯಾರ ನೋಡಿ ನಿಟ್ಟುಸಿರು ಬಿಡುವುದಿಲ್ಲ, ಮುಂದಿನದು ಬಂದೇ ಬರುತ್ತದೆ.

ಸೇರುವ ಜಾಗದ ಬಗ್ಗೆ ಹಿರಿಯರು ಹೇಳಿದ್ದಕ್ಕೆ ಘಾಟ್‌ಕೋಪರ್ ಸಾಕ್ಷಿ. 2014ರಲ್ಲಿ ಆರಂಭವಾದ ಮುಂಬೈನ ಮೊದಲ ಮೆಟ್ರೊ ಮಾರ್ಗ 11 ಕಿಲೋಮೀಟರಿಗಿಂತ ಸ್ವಲ್ಪ ಉದ್ದ, ಅಷ್ಟೇ. ಆದರೆ ಅದು ಘಾಟ್‌ಕೋಪರ್‌ನಲ್ಲಿ ಮಧ್ಯ ರೈಲ್ವೆಯನ್ನೂ ಅಂಧೇರಿಯಲ್ಲಿ ಪಶ್ಚಿಮ ರೈಲ್ವೆಯನ್ನೂ ಮೇಲ್ಸೇತುವೆಯಿಂದಲೇ ಸೇರುವುದರಿಂದ, ಹಿಂದೆ ದಾದರ್‌ವರೆಗೆ ಹೋಗಿ ಸುತ್ತಿ ಬರುತ್ತಿದ್ದ ಸಾವಿರಾರು ಜನರಿಗೆ ದಿನಕ್ಕೆ ಒಂದು ಗಂಟೆಯೇ ಉಳಿಯಿತು. ಲೋಕಲ್ ಇಳಿದವರು ರಸ್ತೆಗೆ ಕಾಲಿಡದೆ ಮೆಟ್ರೊ ಹತ್ತುತ್ತಾರೆ. ಯಶವಂತಪುರದಲ್ಲಿ ಈಗ ರೈಲು ನಿಲ್ದಾಣದ ಪುನರ್ನಿರ್ಮಾಣ ನಡೆಯುತ್ತಿರುವಾಗಲೇ, ಎಲ್ಲ ಪ್ಲಾಟ್‌ಫಾರಂಗಳಿಂದಲೂ ಮಳೆಯಲ್ಲಿ ನೆನೆಯದೆ ಮೆಟ್ರೊ ತಲುಪುವಂಥ ಅಗಲವಾದ ಮೇಲ್ಸೇತುವೆ ಬೇಕೆಂದು ನಿಮ್ಮ ಮನವಿಯಲ್ಲಿ ಸೇರಿಸಬೇಕು. ಕಟ್ಟಡ ಎದ್ದು ನಿಂತ ಮೇಲೆ ಕೇಳಿದರೆ ಗೋಡೆ ಒಡೆಯಬೇಕಾಗುತ್ತದೆ.


ಉತ್ತರ 6: ಕ್ಯಾತ್ಸಂದ್ರದವಳು

ಇಷ್ಟು ಕಾಳಜಿಯಿಂದ, ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಬೆಳಿಗ್ಗೆ ಬಸ್ಸಿನಲ್ಲಿ ಮಾದಾವರ, ಸಂಜೆ ಮೆಜೆಸ್ಟಿಕ್‌ನಿಂದ ರೈಲು ಎಂದು ಸದ್ಯಕ್ಕೆ ನಿರ್ಧರಿಸಿದ್ದೇನೆ. ಕೆಲಸಕ್ಕೆ ಸೇರುವ ಮೊದಲೇ ಒಂದು ಮಂಗಳವಾರ ಹೀಗೆ ಹೋಗಿಬಂದು ನೋಡುತ್ತೇನೆ. ಸೋಮವಾರ, ಬುಧವಾರ, ಶುಕ್ರವಾರ ಕಚೇರಿಗೆ ಬರುವುದಾಗಿ ಕೇಳಿಕೊಂಡಿದ್ದೇನೆ, ಒಪ್ಪುವ ಸೂಚನೆ ಇದೆ.

ಮನವಿ ಪತ್ರದ ವಿಷಯವನ್ನು ನಮ್ಮ ಬಡಾವಣೆಯ ಹಿರಿಯರೊಂದಿಗೆ ಮಾತನಾಡಿದೆ. ಅವರಲ್ಲಿ ಇಬ್ಬರು ಹಳೆಯ ಪಾಸಿನವರೇ ಆದ್ದರಿಂದ ಹೆಚ್ಚು ವಿವರಿಸಬೇಕಾಗಲಿಲ್ಲ. ಮೆಟ್ರೊ ನೆಲಮಂಗಲದವರೆಗೆ ಮೊದಲು ಬರಲಿ. ತುಮಕೂರು–ಯಶವಂತಪುರ ನಡುವೆ ಬೆಳಿಗ್ಗೆ ಹಾಗೂ ಸಂಜೆ ಅರ್ಧ ಗಂಟೆಗೊಂದು ಮೆಮು ಓಡಲಿ. ಉಪನಗರ ರೈಲಿನ ಮಲ್ಲಿಗೆ ಮಾರ್ಗವನ್ನು ಮುಂದೆ ತುಮಕೂರಿಗೆ ವಿಸ್ತರಿಸುವಂತೆ ಈಗಲೇ ಜಾಗ ಕಾದಿರಿಸಲಿ. ಯಶವಂತಪುರದಲ್ಲಿ ಮೇಲ್ಸೇತುವೆ ಆಗಲಿ ಎಂದು ತಿದ್ದಿ ಬರೆದಿದ್ದಾರೆ. ಮೆಟ್ರೊದಲ್ಲಿ ತಿಂಗಳ ಪಾಸು ಬೇಕೆಂಬ ಸಾಲನ್ನು ನಾನೇ ಸೇರಿಸಿದೆ. ಈ ತಿದ್ದಿದ ಪತ್ರಕ್ಕೆ ಸಹಿ ಹಾಕಿದ್ದೇನೆ.

ಇನ್ನೊಂದು ಸಣ್ಣ ಪ್ರಶ್ನೆ ಉಳಿದಿದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಸಂಜೆ ಆರು ಗಂಟೆಗೆ ಹೊರಟರೆ ಮೆಜೆಸ್ಟಿಕ್‌ನಲ್ಲಿ ಏಳೂಕಾಲರ ಗಾಡಿಗೆ ನೆಚ್ಚಿಕೊಳ್ಳಬಹುದೇ?


ಉತ್ತರ 7: ಜಯನಗರಕ್ಕೆ ಹೋಗಿಬರುವವನು

ನೆಚ್ಚಿಕೊಳ್ಳಬೇಡಿ ಮೇಡಂ. ಹಳದಿ ಮಾರ್ಗದಲ್ಲಿ ಇಪ್ಪತ್ತೈದು ನಿಮಿಷ, ಬದಲಾವಣೆಗೆ ಹತ್ತು, ಅಲ್ಲಿಂದ ಮೆಜೆಸ್ಟಿಕ್‌ಗೆ ಏಳು ನಿಲ್ದಾಣ, ಹದಿನೈದು ನಿಮಿಷ. ಲೆಕ್ಕಕ್ಕೆ ಐವತ್ತು ನಿಮಿಷವಾದರೂ, ನೆಲದಡಿಯ ಪ್ಲಾಟ್‌ಫಾರಂನಿಂದ ಮೇಲೆ ಬಂದು, ಗುಂಪಿನಲ್ಲಿ ನಡೆದು ರೈಲು ನಿಲ್ದಾಣದ ಪ್ಲಾಟ್‌ಫಾರಂ ಸೇರಲು ಸಂಜೆಯ ಹೊತ್ತು ಇಪ್ಪತ್ತು ನಿಮಿಷ ಬೇಕೇ ಬೇಕು. ಕಚೇರಿಯಿಂದ ಮೆಟ್ರೊ ನಿಲ್ದಾಣಕ್ಕೆ ನಡೆಯುವ ಹೊತ್ತನ್ನೂ ಸೇರಿಸಿದರೆ ಏಳೂಕಾಲು ಕೈತಪ್ಪುವ ಸಂಭವವೇ ಹೆಚ್ಚು. ಐದೂಮುಕ್ಕಾಲಿಗೆ ಎದ್ದುಬಿಡಿ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗ ಹತ್ತುವಾಗ ಮೊದಲ ಬೋಗಿಯ ಮಹಿಳೆಯರ ಬಾಗಿಲುಗಳ ಕಡೆ ನಿಂತುಕೊಳ್ಳಿ. ಮಂಗಳವಾರ ಹೋಗಿಬಂದ ಮೇಲೆ ನಿಮಗೆ ಎಷ್ಟು ಹೊತ್ತಾಯಿತೆಂದು ಇಲ್ಲಿ ಬರೆಯಿರಿ, ಇದೇ ದಾರಿ ಹಿಡಿಯಬೇಕೆಂದಿರುವ ಇನ್ನೂ ಇಬ್ಬರು ನನ್ನ ಬೋಗಿಯಲ್ಲಿಯೇ ಕೇಳುತ್ತಿದ್ದಾರೆ.